ಮಂಗಳ–ಗುರುವಿನ ನಡುವಿನ ಕಲ್ಲು

ಕನ್ನಡಕ್ಕೆ ‘ಕ್ಷುದ್ರಗ್ರಹ’ ಎಂಬ ಪದ ತಂದು ಹಾಕಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬಸ್ಸು ಹಿಡಿದು ಅವರ ಊರಿಗೆ ಹೋಗಿ, ಮನೆ ಮುಂದೆ ನಿಂತು ಎರಡು ಮಾತು ಕೇಳಿಯೇ ಬರುತ್ತಿದ್ದೆ. ಅಲ್ಲ ಮಹಾರಾಯರೇ, ಸೂರ್ಯನ ಸುತ್ತ ತನ್ನ ಪಾಡಿಗೆ ತಾನು ತಿರುಗುವ ಒಂದು ಕಲ್ಲುಬಂಡೆ ಅದು. ಯಾರ ಗೊಡವೆಗೂ ಹೋಗುವುದಿಲ್ಲ, ಯಾರ ಮನೆಯ ಬಾಗಿಲನ್ನೂ ಬಡಿಯುವುದಿಲ್ಲ. ಅದಕ್ಕೆ ಬೇರೆ ಹೆಸರೇ ಸಿಗಲಿಲ್ಲವೇ ನಿಮಗೆ? ಸಂಸ್ಕೃತದಲ್ಲಿ ಕ್ಷುದ್ರ ಎಂದರೆ ಸಣ್ಣದು ಎಂದು ಅವರು ಹೇಳಬಹುದು. ನಮ್ಮ ಕಡೆ ಸಂಸ್ಕೃತ ಯಾರಿಗೆ ಬರುತ್ತದೆ? ನಮ್ಮಲ್ಲಿ ಕ್ಷುದ್ರ ಎಂದರೆ ಮಾಟ, ಮಂತ್ರ, ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣು. ಗ್ರಹ ಎಂದರೆ ಕಾಟ ಕೊಡುವಂಥದ್ದು. ಇವೆರಡನ್ನೂ ಸೇರಿಸಿ ಒಂದೇ ಪದ ಮಾಡಿ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಿದರೆ ಏನೇನಾಗುತ್ತದೆ ಎಂಬುದನ್ನು ಮೈಮೇಲೆ ಅನುಭವಿಸಿದವಳು ನಾನು.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಕಾಗವಾಡದ ಹತ್ತಿರದ ಒಂದು ಹಳ್ಳಿ. ಅಪ್ಪನಿಗೆ ಕಬ್ಬಿನ ಹೊಲ, ಅದರ ಮಗ್ಗುಲಲ್ಲಿ ಸ್ವಲ್ಪ ದ್ರಾಕ್ಷಿ. ನಾನು ಶಿರಗುಪ್ಪಿ ಹಾದಿಯಲ್ಲಿದ್ದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತೆಂಟು ದಾಟಿತ್ತು, ಲಗ್ನವಾಗಿರಲಿಲ್ಲ. ನಮ್ಮ ಊರಿನ ಲೆಕ್ಕದಲ್ಲಿ ಇದು ಊರಿಗೇ ಸೇರಿದ ಸಮಸ್ಯೆ. ಹಿಟ್ಟಿನ ಗಿರಣಿಗೆ ಹೋದರೆ ಅಲ್ಲಿಯ ಹೆಂಗಸರು ‘ಇನ್ನೂ ಗುರುಬಲ ಬಂದಿಲ್ಲೇನ್ರೀ ಅಕ್ಕಾರ’ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಹೆಣ್ಣಿನ ಲಗ್ನವಾಗಬೇಕಾದರೆ ಜಾತಕದಲ್ಲಿ ಗುರು ಒಲಿಯಬೇಕು, ಮಂಗಳ ಕಾಡಬಾರದು. ನಾನು ಬೆಳಗ್ಗೆ ಹತ್ತಕ್ಕೆ ಇದೇ ಮಂಗಳ, ಇದೇ ಗುರುವಿನ ಬಗ್ಗೆ ಮಕ್ಕಳಿಗೆ ಪಾಠ ಹೇಳಿ, ಸಂಜೆ ಐದಕ್ಕೆ ಗಿರಣಿಯಲ್ಲಿ ಇಂಥ ಮಾತು ಕೇಳಿಸಿಕೊಂಡು ಬರುತ್ತಿದ್ದೆ.

ನನ್ನನ್ನು ನೋಡಲು ಬಂದುಹೋದ ಗಂಡಿನ ಕಡೆಯವರು ಕಡಿಮೆಯೇನಲ್ಲ. ಬರುತ್ತಿದ್ದರು, ಅವಲಕ್ಕಿ ತಿನ್ನುತ್ತಿದ್ದರು, ಚಹಾ ಕುಡಿಯುತ್ತಿದ್ದರು, ‘ತಿಳಸ್ತೀವ್ರಿ’ ಎಂದು ಹೋಗುತ್ತಿದ್ದರು. ಹೋದವರು ಹೋದರು. ಕೆಲವರಿಗೆ ನಾನು ಕಪ್ಪು, ಕೆಲವರಿಗೆ ಎತ್ತರ ಹೆಚ್ಚು, ಬಹಳ ಜನರಿಗೆ ಬಾಯಿ ಜೋರು. ಬಾಯಿ ಜೋರು ಎಂಬುದನ್ನು ನಾನು ಒಪ್ಪುತ್ತೇನೆ. ನಲವತ್ತು ಮಕ್ಕಳಿಗೆ ಕೇಳಿಸುವಂತೆ ಮಾತಾಡುವವಳ ಬಾಯಿ ಇನ್ನು ಹೇಗಿರಬೇಕಿತ್ತು? ಆದರೆ ನನಗೂ ಲಗ್ನವಾಗುವ ಆಸೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೀಗಿರುವಾಗ ಚಿಕ್ಕೋಡಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ನದಿ ದಂಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ರಸಾಯನಶಾಸ್ತ್ರ ಓದಿದವನು. ಸಣ್ಣವನಿದ್ದಾಗಲೇ ತಂದೆ ತೀರಿಹೋಗಿ, ತಾಯಿಯ ಅಣ್ಣ ಅವನನ್ನು ಸಾಕಿ, ಓದಿಸಿ, ದೊಡ್ಡವನನ್ನಾಗಿ ಮಾಡಿದ್ದ. ಹೆಣ್ಣು ನೋಡಲು ಬಂದವರಲ್ಲಿ ಮುಂದೆ ಇದ್ದವನೂ ಆ ಸೋದರಮಾವನೇ. ತಲೆಗೆ ಗಾಂಧಿ ಟೊಪ್ಪಿಗೆ, ಅಂಗಿಯ ಕಿಸೆಯಲ್ಲಿ ಪಂಚಾಂಗ, ಕಂಕುಳಲ್ಲಿ ಮಡಿಚಿದ ಪೇಪರು. ಎಲ್ಲರೂ ಅವನನ್ನು ಮಾಮಾ ಎನ್ನುತ್ತಿದ್ದರು, ನಾನೂ ಮಾಮಾ ಎಂದೇ ಬರೆಯುತ್ತೇನೆ.

ನಮ್ಮ ಕಡೆ ಹೆಣ್ಣು ನೋಡುವಾಗ ಒಂದು ರೂಢಿ ಇತ್ತು. ಹೆಣ್ಣಿನ ಕೈಗೆ ಪೇಪರು ಕೊಟ್ಟು ಓದಿಸುತ್ತಿದ್ದರು. ಕಣ್ಣು ಸರಿಯಾಗಿದೆಯೋ, ನಾಲಗೆ ತೊದಲುತ್ತದೋ ಎಂದು ನೋಡುವುದಕ್ಕೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿಗೆ ಓದಲು ಕೊಟ್ಟರೆ ಒಂದು ಮಾತು. ಪದವಿ ಮುಗಿಸಿ ವರ್ಷಗಟ್ಟಲೆ ಪಾಠ ಹೇಳಿದವಳಿಗೆ! ಮಾಮಾ ಕಂಕುಳಿನ ಪೇಪರು ತೆಗೆದು ನನ್ನ ಮುಂದೆ ಹಿಡಿದು, ಎಲ್ಲಿಂದ ಬೇಕಾದರೂ ಓದು ಎಂದ. ನನ್ನ ಮೈ ಉರಿಯಿತು. ಅವ್ವ ಬಾಗಿಲ ಮರೆಯಿಂದ ಕಣ್ಣು ಬಿಟ್ಟಳು. ಓದದೆ ಗತಿಯಿಲ್ಲ ಎಂದು ಪೇಪರು ಬಿಡಿಸಿದೆ. ಮೊದಲ ಪುಟದಲ್ಲಿ ಯಾರೋ ಮಂತ್ರಿಯ ಭಾಷಣ. ಮಗುಚಿದೆ. ಒಳಗೆ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ: “ಮಂಗಳ ಮತ್ತು ಗುರುಗ್ರಹಗಳ ನಡುವೆ ಹೊಸ ಕ್ಷುದ್ರಗ್ರಹ ಪತ್ತೆ.”

ಅವಲಕ್ಕಿ ಅಗಿಯುತ್ತಿದ್ದ ಮಾಮಾನ ಬಾಯಿ ಅಲ್ಲಿಗೇ ನಿಂತಿತು. ನಾನು ಅದನ್ನು ಗಮನಿಸಿದೆ, ಓದಿದ್ದು ಚೆನ್ನಾಗಿ ಬಂತು, ಅದಕ್ಕೇ ಎಂದುಕೊಂಡೆ. ಎಂಥ ಕರ್ಮ ನೋಡಿ.

ಸುದ್ದಿ ಇಷ್ಟೇ. ನಮ್ಮ ದೇಶದ ದಕ್ಷಿಣದ ಒಂದು ಬೆಟ್ಟದ ಮೇಲಿನ ವೀಕ್ಷಣಾಲಯದವರು ಒಂದು ಹೊಸ ಕ್ಷುದ್ರಗ್ರಹ ಹುಡುಕಿದ್ದರು. ನಮ್ಮವರೇ ಹುಡುಕಿದ್ದು ಎಂದು ನನಗೆ ಹಿಗ್ಗು. ಆಗ ಆ ಹುಡುಗ ಮೊದಲ ಸಲ ಬಾಯಿ ಬಿಟ್ಟ. ಬೇರೆಯವರಂತೆ ‘ಅಡಗಿ ಬರತೈತೇನ್ರಿ’ ಎಂದು ಕೇಳಲಿಲ್ಲ. ಆಕಾಶದ ತುಂಬ ಅಷ್ಟು ಚುಕ್ಕಿ ಇರುವಾಗ ಇದು ನಕ್ಷತ್ರವಲ್ಲ, ಬೇರೆ ಏನೋ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದ.

ನಾನು ನೋಡಿಸಿಕೊಳ್ಳಲು ಕುಳಿತ ಹೆಣ್ಣು ಎಂಬುದನ್ನೇ ಮರೆತು ಶುರು ಮಾಡಿದೆ. ಆಕಾಶದ ಒಂದು ತುಣುಕಿನ ಫೋಟೋ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅದೇ ತುಣುಕಿನದು ಮತ್ತೊಂದು. ಎರಡನ್ನೂ ಹೋಲಿಸಿ ನೋಡುತ್ತಾರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ಎಳೆಯಷ್ಟು ಸರಿದಿದ್ದರೆ ಅದು ನಮ್ಮ ಸೂರ್ಯನ ಸುತ್ತಲೇ ತಿರುಗುವಂಥದ್ದು. ಅಷ್ಟಕ್ಕೇ ಹುಡುಕಿದೆವು ಎಂದು ಡಂಗುರ ಹೊಡೆಯುವಂತಿಲ್ಲ. ಮಾರನೆಯ ರಾತ್ರಿ ಮತ್ತೆ ನೋಡಬೇಕು, ಆಮೇಲೆ ಇನ್ನೊಮ್ಮೆ. ಎಲ್ಲೆಲ್ಲಿ ಕಂಡಿತು ಎಂಬುದರ ಮೇಲೆ ಅದರ ಹಾದಿ ಲೆಕ್ಕ ಹಾಕಿ, ಮುಂದೆ ಎಲ್ಲಿ ಕಾಣಬೇಕು ಎಂದು ಮೊದಲೇ ಹೇಳಬೇಕು. ಹೇಳಿದಲ್ಲಿ ಕಂಡರೆ ಲೆಕ್ಕ ಸರಿ. ಅಲ್ಲಿಯವರೆಗೆ ಅದಕ್ಕೆ ಹುಡುಕಿದ ವರ್ಷ ಮತ್ತು ಒಂದೆರಡು ಅಕ್ಷರ ಸೇರಿಸಿದ ತಾತ್ಕಾಲಿಕ ಗುರುತು ಮಾತ್ರ. ನಂಬರು, ಹೆಸರು ಎಲ್ಲ ಕಕ್ಷೆ ಖಾತ್ರಿಯಾದ ಮೇಲೆ. ಒಮ್ಮೆ ಕಂಡು ಆಮೇಲೆ ಮೋಡ ಮುಚ್ಚಿ ಕಳೆದುಹೋದವು ಎಷ್ಟೋ ಇವೆ. ಇದನ್ನು ಹೇಳುವಾಗ ನನಗೆ ಒಮ್ಮೆ ನೋಡಿ, ಅವಲಕ್ಕಿ ತಿಂದು ಹೋದವರೆಲ್ಲ ನೆನಪಾದರು. ಹೇಳಲಿಲ್ಲ, ನಾಲಗೆ ಕಚ್ಚಿಕೊಂಡೆ.

ಹುಡುಗ ಪೂರ್ತಿ ಕೇಳಿದ. ತಮ್ಮ ಪ್ರಯೋಗಾಲಯದಲ್ಲೂ ಹಾಗೆಯೇ, ಒಂದೇ ಸ್ಯಾಂಪಲ್ ನೋಡಿ ಕಬ್ಬಿನ ಬಗ್ಗೆ ಏನೂ ಹೇಳುವುದಿಲ್ಲ ಎಂದ. ಹೇಳಿ ನಕ್ಕ. ಆ ನಗು ನನಗೆ ಹಿಡಿಸಿತು. ಇಷ್ಟು ವರ್ಷ ನೋಡಲು ಬಂದವರಲ್ಲಿ ನಾನು ಹೇಳಿದ್ದನ್ನು ಕೇಳಿಸಿಕೊಂಡವನು ಅವನೊಬ್ಬನೇ. ಹೋಗುವಾಗ ಮಾಮಾ ಕೂಡ ಹೆಣ್ಣು ಪಸಂತಾಗಿದೆ ಎಂದು ಬಾಯಿತುಂಬ ಹೇಳಿಹೋದ. ಸಕ್ಕರೆ ಪುಡಿಕೆ ಕೊಡುವ ಸಾಖರಪುಡಿ ಮಾಡಿ ನಿಶ್ಚಯ ಮುಗಿಸುವ ಮಾತಾಯಿತು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ವಾರ ಕಳೆಯುವಷ್ಟರಲ್ಲಿ ಮಾಮಾ ಮತ್ತೆ ಬಂದ. ಜೊತೆಗೆ ಹುಡುಗನೂ ಇದ್ದ. ನಿಶ್ಚಯದ ದಿನ ಗೊತ್ತುಮಾಡಲು ಬಂದರೆಂದು ನಾವು ಚಹಾಕ್ಕೆ ಇಟ್ಟೆವು. ಮಾಮಾ ಕಿಸೆಯಿಂದ ಪಂಚಾಂಗ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಪ್ಪನಿಗೆ ಹೇಳಿದ್ದರ ಸಾರಾಂಶ ಇದು: ಹುಡುಗಿಗೆ ಗುರುಬಲ ಇದೆ, ಒಪ್ಪುವ ಮಾತು. ಮಂಗಳನ ದೋಷವೂ ಇಲ್ಲ. ಆದರೆ ಈಗ ಮಂಗಳ ಮತ್ತು ಗುರುವಿನ ನಡುವೆಯೇ ಒಂದು ಕ್ಷುದ್ರಗ್ರಹ ಹೊಸದಾಗಿ ಬಂದು ನಿಂತಿದೆ. ಗುರುವಿನ ಬಲ ಹುಡುಗಿಯ ಮೇಲೆ ಬೀಳಬೇಕೆಂದರೆ ಅದನ್ನು ದಾಟಿಯೇ ಬರಬೇಕು. ಪಂಚಾಂಗದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಗೊತ್ತಿರುವ ಶನಿಗೆ ಶಾಂತಿ ಮಾಡಿಸಬಹುದು, ಗೊತ್ತಿಲ್ಲದ ಇದಕ್ಕೆ ಏನು ಮಾಡುವುದು? ಕೊನೆಗೆ ದನಿ ತಗ್ಗಿಸಿ ನಿಜವಾದ ವಿಷಯ ಹೇಳಿದ.

“ಯಾರರ ಹೇಳಿದ್ರ ಬಿಡತಿದ್ದೆ ಬೀಗರ. ಹೆಣ್ಣ ನೋಡಾಕ ಬಂದಾಗ ಹೆಣ್ಣಿನ ಬಾಯಿಂದನ ಬಂತಲ್ಲ. ಇದಕ್ಕಿಂತ ಶಕುನ ಇನ್ನೇನ ಬೇಕು?”

ಅಯ್ಯೋ ನನ್ನ ಹಣೆಬರಹವೇ! ಪೇಪರು ತಂದವನು ತಾನು. ಓದು ಎಂದವನು ತಾನು. ಶಕುನ ಮಾತ್ರ ನನ್ನ ಬಾಯಿಯದು.

ಅಪ್ಪ ನನ್ನನ್ನು ಕರೆದು, ಅದೇನು ಎಂದು ಬೀಗರಿಗೆ ತಿಳಿಸಿ ಹೇಳು ಎಂದ. ತಿಳಿಸಿ ಹೇಳುವುದೇ ನನ್ನ ಉದ್ಯೋಗ, ಇದೆಷ್ಟರ ಮಾತು ಎಂದು ನಾನು ರಂಗೋಲಿ ಡಬ್ಬಿ ತಂದು ಅಂಗಳದಲ್ಲಿ ಕುಳಿತೆ. ನಡುವೆ ಸೂರ್ಯ. ಅದರ ಸುತ್ತ ಒಂದೊಂದೇ ಗೆರೆ. ಭೂಮಿ, ಮಂಗಳ, ಆಚೆ ದೊಡ್ಡದಾಗಿ ಗುರು. ಮಂಗಳ ಮತ್ತು ಗುರುವಿನ ನಡುವಿನ ಜಾಗದ ತುಂಬ ರಂಗೋಲಿ ಉದುರಿಸಿ ಚುಕ್ಕಿ ಇಟ್ಟೆ. ಹುಡುಗ ಬಗ್ಗಿ ನೋಡಿ, ಗುರುವಿನ ಗೆರೆ ಇನ್ನೂ ದೂರ ಇರಬೇಕಲ್ಲವೇ ಎಂದ. ಸರಿಯಾದ ಮಾತು, ಅಂಗಳ ಸಾಲಲಿಲ್ಲ ಎಂದೆ. ನೋಡಿ, ಅಷ್ಟು ತಿಳಿದವನು ಆತ.

ಮಾಮಾ ಇಷ್ಟು ಚುಕ್ಕಿ ಯಾಕೆ ಎಂದು ಕೇಳಿದ. ಅಂಜಿಕೆ ಹೋಗಲಿ ಎಂದು ನಾನು ಇದ್ದುದನ್ನು ಹೇಳಿದೆ. ಅವೆಲ್ಲ ಅದೇ ಜಾತಿಯವು, ಸಾವಿರಾರು ಇವೆ, ನಮ್ಮ ಹುಟ್ಟಿಗೂ ಮೊದಲಿನಿಂದ ಇವೆ, ಈಗ ಒಂದು ಹೊಸದಾಗಿ ಕಣ್ಣಿಗೆ ಬಿದ್ದಿದೆ ಅಷ್ಟೇ ಎಂದೆ. ಒಂದಕ್ಕೇ ಅಂಜಿದ್ದವನಿಗೆ ಸಾವಿರ ತೋರಿಸಿದ ಹಾಗಾಯಿತು. ಮಾಮಾನ ಮುಖ ಸುಣ್ಣ ಬಳಿದ ಗೋಡೆಯಾಯಿತು. ನಾನು ಇನ್ನೂ ಸಮಾಧಾನ ಮಾಡಲು ಹೋದೆ.

“ಮಾಮಾರ, ನಿಮ್ಮ ಲಗ್ನದಾಗೂ ಅಲ್ಲೇ ಇದ್ವು ಇವು. ಏನರ ಆತೇನ್ರಿ?”

ಅವನು ಬಗ್ಗಿ ಆ ಚುಕ್ಕಿಗಳ ಮೇಲೆ ಬೆರಳಾಡಿಸಿದ. ಅವನ ಹೆಂಡತಿ ಜಗಳ ಮಾಡಿಕೊಂಡು ಎಷ್ಟೋ ವರ್ಷಗಳಿಂದ ರಾಯಬಾಗದ ತವರಿನಲ್ಲಿದ್ದಾಳೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. “ಹಂಗಂತೀ?” ಎಂದ. “ಅದಕ್ಕನ ಇರಬೇಕ ಹಂಗಾದ್ರ.” ನನಗೆ ತಲೆ ಗೋಡೆಗೆ ಬಡಿದುಕೊಳ್ಳಬೇಕು ಎನಿಸಿತು.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಅದು ಅಲ್ಲಿಂದ ಯಾವಾಗ ಸರಿಯುತ್ತದೆ? ಸರಿಯುವುದಿಲ್ಲ, ಅದರ ಹಾದಿಯೇ ಅದು, ಸೂರ್ಯನ ಸುತ್ತ ತಿರುಗುತ್ತಲೇ ಇರುತ್ತದೆ ಎಂದೆ. ಒಂದು ಸುತ್ತಿಗೆ ಎಷ್ಟು ದಿನ? ಅಂಥವು ನಾಲ್ಕು ವರ್ಷದ ಆಸುಪಾಸು ತೆಗೆದುಕೊಳ್ಳುತ್ತವೆ ಎಂದೆ. ಮಾಮಾ ಪಂಚಾಂಗ ಮುಚ್ಚಿ ಎದ್ದು ನಿಂತ. ಹುಡುಗಿ ಒಳ್ಳೆಯವಳೇ, ಸಂಬಂಧ ಬಿಡುವ ಮಾತಿಲ್ಲ, ಒಂದು ಸುತ್ತು ಮುಗಿಯಲಿ, ಆಮೇಲೆ ನೋಡೋಣ ಎಂದ. ನಾಲ್ಕು ವರ್ಷ! ಸುತ್ತು ಮುಗಿದ ಮೇಲೆ ಅದೇನು ಮನೆಗೆ ಹೋಗಿ ಮಲಗುತ್ತದೆಯೇ, ಮತ್ತೊಂದು ಸುತ್ತು ಶುರು ಮಾಡುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅವ್ವ ಹಿಂದಿನಿಂದ ಬಂದು ತೋಳು ಚಿವುಟಿದಳು. ನಾನು ಹುಡುಗನ ಕಡೆ ನೋಡಿದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ತನ್ನ ಚಪ್ಪಲಿ ಹುಡುಕುತ್ತಿದ್ದ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಸುದ್ದಿ ಊರು ತುಂಬಿತು. ಎಮ್ಮೆ ಹಾಲು ಕಡಿಮೆ ಮಾಡಿದ್ದಕ್ಕೆ ಇದೇ ಕಾರಣವೇ ಎಂದು ಕೇಳಿಕೊಂಡು ಪಕ್ಕದ ಮನೆಯಾಕೆ ಬಂದಳು. ಯಡೂರಿಗೆ ಹೋಗಿ ವೀರಭದ್ರನಿಗೆ ನಡೆದುಕೊಂಡರೆ ಎಂಥ ಕ್ಷುದ್ರವೂ ನಿಲ್ಲುವುದಿಲ್ಲ ಎಂದು ಮತ್ತೊಬ್ಬಳು ಹೇಳಿದಳು. ಅವ್ವ ಮರುದಿನವೇ ಹೋಗಿಬಂದಳು. ಕಲ್ಲು ಎಂದರೆ ಯಾರಿಗೂ ಬೇಡ, ಕ್ಷುದ್ರ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಶಾಲೆಯಲ್ಲಿ ಮುಖ್ಯಾಧ್ಯಾಪಕರು ನನ್ನನ್ನು ಕರೆದು, ಆ ಪಾಠವನ್ನು ಈ ವರ್ಷ ಮಕ್ಕಳೇ ಮನೆಯಲ್ಲಿ ಓದಿಕೊಳ್ಳಲಿ ಎಂದರು. ನಾನು ಅದೇ ವಾರ, ಬೇಕಂತಲೇ, ಎರಡು ತಾಸು ಅದೇ ಪಾಠ ಮಾಡಿದೆ.

ಅವ್ವನದು ಬೇರೆಯೇ ದಾರಿ. ಒಂದು ದಿನ ರೊಟ್ಟಿ ಬಡಿಯುತ್ತ ಮೆಲ್ಲಗೆ ಶುರು ಮಾಡಿದಳು. “ಎಷ್ಟೋ ಕಳದಹೋಗ್ತಾವಂತ ನೀನ ಹೇಳಿದ್ಯಲ್ಲ. ಇದೂ ಕಳದಹೋತು ಅಂತ ಹೇಳಿಬಿಡ. ಮೋಡದಾಗ ಮುಚ್ಚಿಹೋತು, ಸಿಗವಲ್ದು ಅಂತ ಹೇಳು. ಯಾರ ನೋಡಾಕ ಹೋಗ್ತಾರವಾ?” ಆಕೆಯ ಕಣ್ಣು ತುಂಬಿತ್ತು. ನಾನು ಹೇಳುವುದಿಲ್ಲ ಎಂದೆ. ನಾಳೆ ಮಕ್ಕಳ ಮುಂದೆ ನಿಂತು ಏನು ಹೇಳಲಿ? ಮತ್ತೆ ಈ ಮಾಮಾ ಬಿಡುವವನಲ್ಲ, ಕಳೆದುಹೋಗಿದೆ ಎಂದರೆ ಎಲ್ಲಿ ಅಡಗಿ ಕುಳಿತಿದೆಯೋ ಎಂದು ಇನ್ನಷ್ಟು ಅಂಜುತ್ತಾನೆ ಎಂದೆ. ಅವ್ವ ಆ ದಿನ ನನ್ನೊಡನೆ ಮಾತು ಬಿಟ್ಟಳು. ಅಪ್ಪ ಮೊದಲೇ ಬಿಟ್ಟಿದ್ದ. ಮನೆಯಲ್ಲಿ ಎಮ್ಮೆಯೊಂದೇ ನನ್ನ ಕಡೆ ಮುಖ ಎತ್ತಿ ನೋಡುತ್ತಿತ್ತು.

ಆ ನಡುವೆ ಉತ್ತರಪತ್ರಿಕೆಗಳ ಕೆಲಸಕ್ಕೆಂದು ನಾನು ಚಿಕ್ಕೋಡಿಗೆ ಹೋಗಿದ್ದೆ. ಹೇಗೋ ತಿಳಿದು ಹುಡುಗ ಬಸ್‌ಸ್ಟ್ಯಾಂಡಿಗೆ ಬಂದ. ಕಲ್ಲಿನ ಕಟ್ಟೆಯ ಮೇಲೆ ಇಬ್ಬರ ನಡುವೆ ನನ್ನ ಚೀಲ ಇಟ್ಟುಕೊಂಡು ಕುಳಿತೆವು. ಅವನಿಗೆ ಎಲ್ಲ ತಿಳಿದಿತ್ತು. ಗ್ರಂಥಾಲಯದಿಂದ ಪುಸ್ತಕ ತಂದು ಓದಿದ್ದ. ಆ ಕಲ್ಲುಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೂ ನಮ್ಮ ಚಂದ್ರನಷ್ಟು ಆಗುವುದಿಲ್ಲವಂತೆ ಎಂದು ನನಗೇ ಹೇಳಿದ. ಹಾಗಾದರೆ ಇದನ್ನು ಮಾಮಾನಿಗೆ ಒಂದು ಸಲ ಹೇಳಿ, ಅದು ಕಲ್ಲು ಎಂದು ಒಂದೇ ಮಾತು ಹೇಳಿ ಎಂದೆ. ಮಾಮಾ ಸಾಕಿದವನು, ಅವನ ಎದುರು ಮಾತಾಡಿದವನಲ್ಲ ತಾನು, ಸ್ವಲ್ಪ ತಡೆಯಿರಿ, ತಾನಾಗಿಯೇ ಸರಿಹೋಗುತ್ತದೆ ಎಂದ. ನನ್ನ ಬಸ್ಸು ಬಂದಾಗ ಓಡಿಹೋಗಿ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿದುಕೊಟ್ಟ. ಅಥಣಿ ಗಾಡಿಯ ಗದ್ದಲದಲ್ಲಿ ಸೀಟು ಹಿಡಿಯಲು ಧೈರ್ಯವಿದ್ದವನಿಗೆ ಮನೆಯಲ್ಲಿ ಮಾತಾಡಲು ಇಲ್ಲವೇ ಎಂದು ದಾರಿಯುದ್ದಕ್ಕೂ ಉರಿದುಕೊಂಡೆ. ಆದರೆ ಇಷ್ಟವೂ ಆಗಿದ್ದ, ಏನು ಮಾಡಲಿ.

ಆಮೇಲೆ ನಿಜವಾಗಿಯೂ ತಾನಾಗಿಯೇ ಸರಿಹೋಯಿತು. ಹೋದ ರೀತಿ ಕೇಳಿ. ಮಾಮಾ ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳಲೆಂದು ನಿಪ್ಪಾಣಿಯ ಒಬ್ಬ ಜ್ಯೋತಿಷಿಯ ಬಳಿ ಹೋದ. ಆ ಮನುಷ್ಯ ಮರಾಠಿಯವನು, ಪಂಚಾಂಗವೂ ಮರಾಠಿ. ಮಾಮಾ ಹೇಳಿದ್ದು ಅವನಿಗೆ ತಿಳಿಯಲಿಲ್ಲ, ಅದೇ ಸುದ್ದಿಯಿದ್ದ ಮರಾಠಿ ಪೇಪರು ಹುಡುಕಿ ತೆಗೆದ. ಅದರಲ್ಲಿ ‘ಲಘುಗ್ರಹ’ ಎಂದಿತ್ತು. ಮರಾಠಿಯಲ್ಲಿ ಅದಕ್ಕೆ ಹಾಗೆಯೇ ಅನ್ನುತ್ತಾರೆ. ಲಘು ಎಂದರೆ ಹಗುರ. ಹಗುರವಾದ ಗ್ರಹ ಗುರುವಿನಂಥ ಭಾರಿ ಗ್ರಹಕ್ಕೆ ಏನು ಅಡ್ಡಬರುತ್ತದೆ, ದೋಷವೂ ಲಘು, ಫಲವೂ ಲಘು ಎಂದು ಜ್ಯೋತಿಷಿ ತೀರ್ಪು ಕೊಟ್ಟ. ಲಗ್ನದ ಮುಹೂರ್ತವನ್ನು ಮರಾಠಿ ಪಂಚಾಂಗದಿಂದಲೇ ತೆಗೆಯಬೇಕು, ಲಗ್ನಪತ್ರಿಕೆಯನ್ನೂ ಮರಾಠಿಯಲ್ಲೇ ಅಚ್ಚು ಹಾಕಿಸಬೇಕು, ಅಷ್ಟು ಮಾಡಿದರೆ ಸಾಕು ಎಂದನಂತೆ.

ಮಾಮಾ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದ. ಹಿಂದೆ ಹುಡುಗ, ಹೊಸ ಅಂಗಿ ಹಾಕಿಕೊಂಡು. “ಕನ್ನಡದಾಗ ಅಷ್ಟ ತೊಂದ್ರಿ ಇತ್ತ್ರಿ ಬೀಗರ, ಮರಾಠಿಯೊಳಗ ಏನೂ ಇಲ್ಲ” ಎಂದು ಮಾಮಾ ಘೋಷಿಸಿದ. ಅಪ್ಪ ನಕ್ಕ. ಪಕ್ಕದ ಮನೆಯಾಕೆ ನಕ್ಕಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರಿಗೂ ಎಷ್ಟು ಸಮಾಧಾನ! ಅದೇ ಕಲ್ಲು, ಅದೇ ಜಾಗ, ಅದೇ ಸುತ್ತು. ಭಾಷೆಯ ಗಡಿ ದಾಟಿಸಿ ಹೆಸರು ಬದಲಿಸಿದರು, ಕಾಟ ಮುಗಿಯಿತು. ಇಷ್ಟು ದಿನ ನಾನು ಗಂಟಲು ಹರಿದುಕೊಂಡು ಹೇಳಿದ್ದಕ್ಕೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ನಾನು ಎಲ್ಲರ ಎದುರಿಗೇ ಹುಡುಗನನ್ನು ಕೇಳಿದೆ.

“ನೀವು ಒಂದ ಸಲನಾರ ಹೇಳೀರೇನ್ರಿ, ಅದು ಕಲ್ಲು ಅಂತ?”

ಅವನು ಮಾಮಾನ ಕಡೆ ನೋಡಿದ. ಆಮೇಲೆ, ಈಗ ಎಲ್ಲ ಸರಿಹೋಯಿತಲ್ಲ, ಇನ್ನು ಆ ಮಾತು ಯಾಕೆ ಎಂದ. ಅಪ್ಪ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದ. ಮಾಮಾ ದೊಡ್ಡದಾಗಿ ನಕ್ಕು, ಹುಡುಗಿ ಮಾಸ್ತರಿಕೆ ಮನೆಯಲ್ಲೂ ಬಿಡುವುದಿಲ್ಲ ಎಂದ. ಆಗ ಮಾತಾಡಿದವಳು ಅವ್ವ. ಆಕೆ ಗಂಡಸರ ಎದುರು ಕುಳಿತು ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಪೇಢೆಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನನಗೆ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

“ಆ ಕಲ್ಲು ಅಲ್ಲೇ ಮ್ಯಾಲ ತಿರಗತೈತಿ, ಮನಿಗೆ ಬರೂದಿಲ್ಲ. ಮಾಮಾ ದಿನಾ ಮನಿಗೆ ಬರ್ತಾನ. ವಿಚಾರ ಮಾಡ ನನ್ನವ್ವಾ.”

ಯಾರೂ ನಗಲಿಲ್ಲ. ಇಷ್ಟು ದಿನ ಸುಳ್ಳು ಹೇಳು ಎಂದು ಬೆನ್ನು ಹತ್ತಿದ್ದವಳು, ದೀಪ ಹಚ್ಚಿದವಳು, ಯಡೂರಿಗೆ ಹೋಗಿಬಂದವಳು. ನನಗೆ ಆಕೆಯ ಮೇಲಿದ್ದ ಸಿಟ್ಟೆಲ್ಲ ಒಂದೇ ಕ್ಷಣಕ್ಕೆ ಇಳಿದುಹೋಯಿತು, ಎದ್ದು ತಬ್ಬಿಕೊಳ್ಳಬೇಕು ಎನಿಸಿತು. ಅಪ್ಪ ಗಂಟಲು ಕೆರೆದುಕೊಂಡು, ಎರಡು ದಿನ ಬಿಟ್ಟು ತಿಳಿಸುತ್ತೇವೆ ಎಂದ. ಹೆಣ್ಣಿನ ಕಡೆಯವರು ಹಾಗೆ ಹೇಳುವುದನ್ನು ಮಾಮಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡು ಹೊರಟ.

ಆ ಎರಡು ದಿನ ನಾನು ಎಷ್ಟು ವಿಚಾರ ಮಾಡಿದೆ ಎಂದು ಹೇಳಲಾರೆ. ಬೇಡ ಎಂದರೆ ಮುಂದೆ ಯಾರೂ ಬರುವುದಿಲ್ಲ ಎಂಬುದು ಗೊತ್ತಿತ್ತು. ಇಪ್ಪತ್ತೆಂಟು ದಾಟಿದ ಮೇಲೆ ಬಂದವರೇ ಕಡಿಮೆ, ಇನ್ನು ಬಂದ ಸಂಬಂಧ ಬಿಟ್ಟವಳಿಗೆ ಯಾರು ಬರುತ್ತಾರೆ. ಅವನು ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೊಡೆಯುವವನಲ್ಲ, ಓದುತ್ತಾನೆ, ಹೇಳಿದ್ದು ಕೇಳಿಸಿಕೊಳ್ಳುತ್ತಾನೆ. ಎಷ್ಟು ಜನ ಹೆಣ್ಣುಮಕ್ಕಳಿಗೆ ಅಷ್ಟು ಸಿಗುತ್ತದೆ? ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೂಂ ಎಂದೇ ಹೇಳಿಬಿಡುವುದು ಎಂಬ ಕಡೆಗೆ ಮನಸ್ಸು ವಾಲಿತ್ತು.

ಅದೇ ಮಧ್ಯಾಹ್ನ ಅವನು ಶಾಲೆಗೆ ಬಂದ. ಎಂಟನೆಯ ಇಯತ್ತೆಗೆ ಪಾಠ ನಡೆದಿತ್ತು. ಮಕ್ಕಳಿಗೆ ಬರೆಯಲು ಕೊಟ್ಟು ಹೊರಗೆ ಬಂದೆ. ಗೇಟಿನ ಆಚೆ ಕಬ್ಬಿನ ಗಾಡಿಗಳು ಸಾಲು ಹಿಡಿದಿದ್ದವು. ಅವನು ಬೇವಿನ ಮರದ ಕೆಳಗೆ ನಿಂತಿದ್ದ. ನಾನು ಏನೂ ಕೇಳುವ ಮೊದಲೇ ಮಾತಾಡತೊಡಗಿದ. ಅಷ್ಟು ಮಾತು ಅವನ ಬಾಯಿಂದ ನಾನು ಕೇಳಿಯೇ ಇರಲಿಲ್ಲ. ತಾನು ಹೇಳಬೇಕಿತ್ತು, ತಪ್ಪಾಯಿತು ಎಂದ. ನನ್ನಂಥವಳು ಮನೆಗೆ ಬಂದರೆ ತನಗೂ ಧೈರ್ಯ ಬರುತ್ತದೆ ಎಂದ. ಲಗ್ನವಾದ ಮೇಲೆ ಒಂದು ಸಣ್ಣ ದೂರದರ್ಶಕ ತರೋಣ, ಇಬ್ಬರೂ ಕೂಡಿ ನೋಡೋಣ ಎಂದ. ಮಾತು ನಿಜವಿತ್ತು. ನನ್ನ ಎದೆ ಕರಗಿತು ಎಂದು ಹೇಳಲು ನನಗೆ ಈಗ ನಾಚಿಕೆಯಿಲ್ಲ. ಸುಮ್ಮನೆ, ಕೇಳಬೇಕೆಂದು ಕೇಳಿದೆ.

“ಇಲ್ಲಿಗೆ ಬರ್ತೀನಂತ ಮಾಮಾಗ ಹೇಳಿ ಬಂದೀರೇನ್ರಿ?”

ಹೌದು ಎಂದಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆ. ಸುಳ್ಳೇ ಹೌದು ಎಂದಿದ್ದರೂ ಬಹುಶಃ ಒಪ್ಪಿಕೊಳ್ಳುತ್ತಿದ್ದೆ. ಅವನು ಸುಳ್ಳು ಹೇಳುವವನಲ್ಲ.

“ಇಲ್ರಿ. ಡ್ಯೂಟಿಗೆ ಹೋಗ್ತೀನಂತ ಹೇಳಿ ಬಂದೀನಿ” ಎಂದ. ಆಮೇಲೆ ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ, “ನೀವೂ ಹೇಳಬ್ಯಾಡ್ರಿ” ಎಂದ.

ಹೇಳುವುದಿಲ್ಲ, ಹೋಗಿಬನ್ನಿ ಎಂದೆ. ಒಳಗೆ ಮಕ್ಕಳು ಬರೆದು ಮುಗಿಸಿ ಗಲಾಟೆ ಹಚ್ಚಿದ್ದರು. ಹೋಗಿ ಒಂದು ಸಲ ಗದರಿಸಿ ಸುಮ್ಮನಾಗಿಸಿದೆ, ಉಳಿದ ಪಾಠ ಮುಗಿಸಿದೆ. ಸಂಜೆ ಮನೆಗೆ ಹೋದ ಕೂಡಲೇ ಬೇಡ ಎಂದೆ. ಯಾಕೆ ಎಂದು ಅಪ್ಪ ಕೇಳಿದ, ಅವ್ವ ಕೇಳಲಿಲ್ಲ.